ಮೇರಿಲ್ಯಾಂಡ್‌ನಲ್ಲಿ ಪಿಸ್ತೂಲು ಕೊಳ್ಳುವುದು ಅಷ್ಟು ಸುಲಭವೇ?

ಪ್ರಶ್ನೆ: ನಾವು ಕೊಡಗಿನವರು, ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸುವ ಮನೆತನ ನಮ್ಮದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವ ನಮ್ಮ ಅಳಿಯನಿಗೆ ಕಳೆದ ವರ್ಷ ಗ್ರೀನ್ ಕಾರ್ಡ್ ದೊರೆತಿದ್ದು, ಈಗ ಮನೆಯ ರಕ್ಷಣೆಗೆಂದು ಪಿಸ್ತೂಲು ಕೊಳ್ಳುವ ಮಾತನಾಡುತ್ತಿದ್ದಾರೆ. ಅಲ್ಲಿ ಅಂಗಡಿಗೆ ಹೋಗಿ ಹಣ ಕೊಟ್ಟರೆ ಅಂದೇ ಪಿಸ್ತೂಲು ಕೈಗೆ ಬರುತ್ತದೆಯಂತೆ, ನಿಜವೇ? ಮನೆಯಲ್ಲಿ ಆರು ವರ್ಷದ ಮೊಮ್ಮಗನಿದ್ದಾನೆ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ನೀವು ಕೇಳಿದ್ದು ಅಮೆರಿಕದ ಕೆಲವು ರಾಜ್ಯಗಳ ಮಟ್ಟಿಗೆ ಬಹುಪಾಲು ನಿಜ, ಮೇರಿಲ್ಯಾಂಡ್ ಮಟ್ಟಿಗೆ ಅಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಭೂಮಿಯ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ 2029ರವರೆಗೆ ಮುಂದುವರಿದಿರುವ ವಿನಾಯಿತಿಯನ್ನು ಕೊಟ್ಟಿರುವುದೂ ಕೇಂದ್ರ ಸರ್ಕಾರವೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಕೇಂದ್ರ ಕಾನೂನು ಕನಿಷ್ಠ ನಿಯಮಗಳನ್ನಷ್ಟೇ ಹಾಕುತ್ತದೆ, ಅದರ ಮೇಲೆ ಎಷ್ಟು ಬಿಗಿ ಬೇಕೆಂಬುದನ್ನು ಆಯಾ ರಾಜ್ಯದ ಶಾಸನಸಭೆ ತೀರ್ಮಾನಿಸುತ್ತದೆ. ಗ್ರೀನ್ ಕಾರ್ಡ್ ಇರುವವರು ಬಂದೂಕು ಕೊಳ್ಳಲು ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ಎಚ್-1ಬಿಯಂತಹ ವೀಸಾದ ಮೇಲಿರುವವರಿಗೆ ಮಾತ್ರ, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅದು ನಿಷಿದ್ಧ.

2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದ ಬಳಿಕ, ಮೇರಿಲ್ಯಾಂಡ್ 2013ರಲ್ಲಿ ಹೊಸ ಕಾಯ್ದೆ ತಂದಿತು. ಅದರ ಪ್ರಕಾರ ಪಿಸ್ತೂಲು ಅಥವಾ ರಿವಾಲ್ವರ್ ಕೊಳ್ಳುವವರು ಮೊದಲು ರಾಜ್ಯ ಪೊಲೀಸರಿಂದ ಅರ್ಹತಾ ಪರವಾನಗಿ ಪಡೆಯಬೇಕು. ಅದಕ್ಕೆ 21 ವರ್ಷ ತುಂಬಿರಬೇಕು, ಬೆರಳಚ್ಚು ಕೊಡಬೇಕು, ನಾಲ್ಕು ಗಂಟೆಗಳ ತರಬೇತಿ ಮುಗಿಸಬೇಕು. ಆ ತರಬೇತಿಯಲ್ಲಿ ಬೋಧಕರ ಎದುರು ಕನಿಷ್ಠ ಒಂದು ಗುಂಡನ್ನಾದರೂ ಸುರಕ್ಷಿತವಾಗಿ ಹಾರಿಸಿ ತೋರಿಸಬೇಕು. (ಒಂದೇ ಗುಂಡು ಹಾರಿಸಿದವರನ್ನು ಕೊಡಗಿನಲ್ಲಿ ಯಾರೂ ಕೋವಿ ಬಲ್ಲವರೆಂದು ಒಪ್ಪಲಾರರು, ಆದರೂ ಪಿಸ್ತೂಲನ್ನು ಮುಟ್ಟಿಯೇ ನೋಡದವರ ಕೈಗೆ ಅದನ್ನು ಕೊಡುವುದಕ್ಕಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ.) ಅರ್ಜಿಯ ಪರಿಶೀಲನೆಗೆ ಪೊಲೀಸರಿಗೆ 30 ದಿನಗಳವರೆಗೆ ಅವಕಾಶವಿದೆ.

ಪರವಾನಗಿ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಂಗಡಿಯಲ್ಲಿ ಆಯ್ದುಕೊಂಡ ಪಿಸ್ತೂಲಿಗೆ ಮತ್ತೊಂದು ಅರ್ಜಿ ತುಂಬಬೇಕು, ಪೊಲೀಸರು ಮತ್ತೊಮ್ಮೆ ಪೂರ್ವಾಪರ ಪರಿಶೀಲಿಸುತ್ತಾರೆ, ಏಳು ದಿನಗಳ ಕಾಲ ಪಿಸ್ತೂಲು ಅಂಗಡಿಯ ಕಪಾಟಿನಲ್ಲೇ ಇರುತ್ತದೆ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಇಂತಹ ಖರೀದಿ ಪರವಾನಗಿಯ ಗೊಡವೆಯಿಲ್ಲವೆಂದು ಗೆಳೆಯರು ಯಾರಾದರೂ ಅಳಿಯನವರಿಗೆ ಹೇಳಬಹುದು. ಆ ದಾರಿ ಹಿಡಿಯುವುದು ಬೇಡ. ಬೇರೆ ರಾಜ್ಯದ ಅಂಗಡಿಯಿಂದ ಪಿಸ್ತೂಲನ್ನು ನೇರವಾಗಿ ಕೊಂಡೊಯ್ಯಲು ಕೇಂದ್ರ ಕಾನೂನೇ ಬಿಡುವುದಿಲ್ಲ, ಅದು ಮೇರಿಲ್ಯಾಂಡ್‌ನ ಅಂಗಡಿಯ ಮೂಲಕವೇ ಕೈಸೇರಬೇಕು.

ಈ ಪರವಾನಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. 2023ರ ನವೆಂಬರ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಇದು ಸಂವಿಧಾನಬಾಹಿರವೆಂದಿತು. 2024ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ ಆ ತೀರ್ಪನ್ನು ತಿರುಗಿಸಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ್ದರಿಂದ ಕಾಯ್ದೆ ಉಳಿಯಿತು.

ಕೊಳ್ಳುವ ಪರವಾನಗಿಯೇ ಬೇರೆ, ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ತಿರುಗಾಡುವ ಪರವಾನಗಿಯೇ ಬೇರೆ. ಎರಡನೆಯದಕ್ಕೆ 16 ಗಂಟೆಗಳ ತರಬೇತಿ ಬೇಕು. ಮೊಮ್ಮಗನ ವಿಷಯದಲ್ಲಿ ನಿಮ್ಮ ಆತಂಕ ಸರಿಯಾದದ್ದೇ. 18 ವರ್ಷದೊಳಗಿನವರು ಹಿರಿಯರ ಕಣ್ಣು ತಪ್ಪಿಸಿ ಕೈಹಾಕಬಹುದಾದ ಜಾಗದಲ್ಲಿ ಗುಂಡು ತುಂಬಿದ ಬಂದೂಕು ಇಡುವುದು ಮೇರಿಲ್ಯಾಂಡ್‌ನಲ್ಲಿ ಅಪರಾಧ. ಅಳಿಯನವರು ಕೊಳ್ಳುವುದೇ ಆದರೆ ಬೀಗವಿರುವ ಉಕ್ಕಿನ ಪೆಟ್ಟಿಗೆಯನ್ನು ಪಿಸ್ತೂಲಿಗಿಂತ ಮೊದಲೇ ತಂದಿಡಲಿ, ಅದರ ಕೀಲಿ ಟಿವಿಯ ಮೇಲೋ ಅಡುಗೆಮನೆಯ ಮೊಳೆಯಲ್ಲೋ ಇರದಿರಲಿ.