ಫಾರ್ಮ್ ತುಂಬಿಸಿದ್ದು ನಾನೇ ಮೇಡಂ

ಇದು ನರ್ಸರಿ ಶಿಕ್ಷಕಿಯೊಬ್ಬರ ಪ್ರಕರಣ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಗೋಜೇ ಬೇಡ. ಮಕ್ಕಳು ಕರೆಯುವ ಹಾಗೆ ಅವರನ್ನು ಮಿಸ್ ಎನ್ನುತ್ತೇನೆ, ಹುಡುಗನನ್ನು ಹುಡುಗ ಎನ್ನುತ್ತೇನೆ. ಆ ಹುಡುಗ ಈಗ ಆ ಶಾಲೆಯಲ್ಲಿಲ್ಲ. ಇಲ್ಲಿ ಬರೆದದ್ದನ್ನು ಮಿಸ್ ಓದಿ ಒಪ್ಪಿದ್ದಾರೆ.

ನಾನು ಆಪ್ತಸಮಾಲೋಚಕಿ. ಇಂಥ ಪ್ರಕರಣ ನನ್ನ ಹತ್ತಿರ ಬಂದದ್ದು ಇದೇ ಮೊದಲಲ್ಲ. ಬರುವವರೆಲ್ಲ ಮೊದಲು ಹೇಳುವ ಮಾತೂ ಒಂದೇ: "ನನಗೆ ಎಲ್ಲಾ ಮಕ್ಕಳೂ ಒಂದೇ." ಈಚೆಗೆ ಈ ಮಾತು ಕೇಳಿದರೆ ನನಗೆ ಸ್ವಲ್ಪ ಭಯವೇ ಆಗುತ್ತದೆ.

ಬೆಂಗಳೂರಿನ ಹೊರವಲಯದ ಒಂದು ಖಾಸಗಿ ನರ್ಸರಿ. ಮಿಸ್‌ಗೆ ಹನ್ನೊಂದು ವರ್ಷದ ಅನುಭವ. ಹುಡುಗನಿಗೆ ನಾಲ್ಕು ವರ್ಷ, ಯಾದಗಿರಿ ಕಡೆಯವನು. ಶಾಲೆಯ ಎದುರು ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಅಪ್ಪ ವಾಚ್‌ಮನ್. ಮನೆಯವರೆಲ್ಲ ಅದೇ ಕಟ್ಟಡದ ಶೆಡ್ಡಿನಲ್ಲಿದ್ದರು. ಫೀಸು ಕಡಿಮೆ ಮಾಡಿ ಶಾಲೆಯವರೇ ಸೇರಿಸಿಕೊಂಡಿದ್ದರು. ಮೂರು ತಿಂಗಳಾದ ಮೇಲೆ ತಾಯಿ ಪ್ರಿನ್ಸಿಪಾಲರ ಮುಂದೆ ನಿಂತು, "ನಮ್ಮ ಹುಡುಗನ್ನ ಮಿಸ್ ಎತ್ಕೊಳಂಗಿಲ್ರಿ. ಮನ್ಯಾಗ ಅಳತಾನ" ಎಂದರು. ಅದೇ ವಾರ ಹುಡುಗನ ಡೈರಿಯಲ್ಲಿ ಮಿಸ್ ಬರೆದಿದ್ದರು: ಮಾತು ತಡವಾಗಿದೆ, ಸ್ಪೀಚ್ ಥೆರಪಿಗೆ ತೋರಿಸಿ. ಪ್ರಿನ್ಸಿಪಾಲರು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು, ಮಿಸ್‌ನ ನನ್ನ ಹತ್ತಿರ ಕಳಿಸಿದರು.

ಮಿಸ್ ಸಿಟ್ಟಿನಲ್ಲೇ ಬಂದರು. ಒಂದು ದಿನ ಬೈದಿಲ್ಲ, ಹೊಡೆದಿಲ್ಲ, ಮೂಲೆಗೆ ಕೂರಿಸಿಲ್ಲ, ಮತ್ತೇನು ತಪ್ಪು ಎಂದರು. ಎಲ್ಲವೂ ನಿಜ. ವಿಚಾರಿಸಿದ್ದೇನೆ.

ಎರಡನೇ ಸಲ ಬಂದಾಗ ಅವರಿಗೆ ಒಂದು ಪ್ರಯೋಗದ ಬಗ್ಗೆ ಹೇಳಿದೆ. 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಗಿಲಿಯಮ್ ಮತ್ತು ಅವರ ತಂಡ ಮಾಡಿದ್ದು. ಪುಟ್ಟ ಮಕ್ಕಳ ಶಿಕ್ಷಕರಿಗೆ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ನಾಲ್ಕು ಮಕ್ಕಳು: ಕಪ್ಪು ಹುಡುಗ, ಕಪ್ಪು ಹುಡುಗಿ, ಬಿಳಿ ಹುಡುಗ, ಬಿಳಿ ಹುಡುಗಿ. ಯಾರಾದರೂ ತಂಟೆ ಮಾಡುವ ಹಾಗಿದ್ದರೆ ಗಮನಿಸಿ ಎಂದು ಹೇಳಿದ್ದರು. ನಿಜವಾಗಿ ಯಾರೂ ತಂಟೆ ಮಾಡುವುದಿಲ್ಲ. ಆದರೆ ಶಿಕ್ಷಕರ ಕಣ್ಣಿನ ಚಲನೆಯನ್ನು ಯಂತ್ರ ಅಳೆಯುತ್ತಿತ್ತು. ಕಣ್ಣು ಜಾಸ್ತಿ ಹೊತ್ತು ನಿಂತದ್ದು ಕಪ್ಪು ಹುಡುಗನ ಮೇಲೆ. ಕಪ್ಪು ಶಿಕ್ಷಕರ ಕಣ್ಣೂ ಅಲ್ಲೇ.

"ಅದು ಅಮೆರಿಕಾ ಮೇಡಂ" ಎಂದರು ಮಿಸ್.

ಸರಿ, ಅಮೆರಿಕಾ ಬೇಡ ಎಂದೆ. ನಿಮ್ಮ ಕ್ಲಾಸಿನ ಲೆಕ್ಕ ತನ್ನಿ. ನರ್ಸರಿಯಲ್ಲಿ ಎಣಿಸಲು ಹುಣಸೆಬೀಜ ಇದ್ದೇ ಇರುತ್ತದಲ್ಲ. ಮೇಜಿನ ಮೇಲೆ ಎರಡು ಬಟ್ಟಲು ಇಡಿ. ಯಾವ ಮಗುವನ್ನಾದರೂ ಮುಟ್ಟಿದಾಗ, ತಲೆ ಸವರಿದ್ದೋ, ಮೂಗು ಒರೆಸಿದ್ದೋ, ಶೂ ಲೇಸ್ ಕಟ್ಟಿದ್ದೋ, ಒಂದು ಬಟ್ಟಲಿಗೆ ಒಂದು ಬೀಜ. ಅದು ಆ ಹುಡುಗನಾದರೆ ಇನ್ನೊಂದು ಬಟ್ಟಲಿಗೆ. ಒಂದು ವಾರ ಸಾಕು.

ಮೂರನೇ ಭೇಟಿಗೆ ಅವರು ಬಟ್ಟಲು ತರಲಿಲ್ಲ. ಬಂದು ಕೂತು ನೀರು ಕುಡಿದರು. ಮೊದಲ ಬಟ್ಟಲನ್ನು ದಿನಕ್ಕೆ ಎರಡು ಸಲ ಖಾಲಿ ಮಾಡಬೇಕಾಯಿತಂತೆ. ಎರಡನೆಯದರಲ್ಲಿ ವಾರಕ್ಕೆ ಮೂರು ಬೀಜ. ಮೂರೂ ಅವನನ್ನು ಸಾಲಿನಲ್ಲಿ ಸರಿಯಾಗಿ ನಿಲ್ಲಿಸುವಾಗ ಹಾಕಿದ್ದು. ತೋಳು ಹಿಡಿದು.

"ಅವನ ಮೂಗು ಸೋರಿದರೆ?" ಎಂದು ಕೇಳಿದೆ.

"ಆಯಾನ ಕರೀತೀನಿ."

"ಉಳಿದವರದ್ದು?"

"ಟಿಶ್ಯೂ ಸಿಗದಿದ್ರೆ ಸೆರಗಲ್ಲೇ ಒರೆಸ್ತೀನಿ" ಎಂದವರು ಸೆರಗಿನ ತುದಿ ಹಿಡಿದುಕೊಂಡು ಸುಮ್ಮನಾದರು. ಆಮೇಲೆ ಬೇಗ ಬೇಗ ಮಾತಾಡಿದರು. ಅವನು ಸ್ನಾನ ಮಾಡಿ ಬರಲ್ಲ, ಸಿಮೆಂಟ್ ಧೂಳು, ತಲೆಗೆ ಎಣ್ಣೆ ಜಾಸ್ತಿ, ಬಟ್ಟೆ ವಾಸನೆ. ಕ್ಲೀನ್ ಇಲ್ಲ ಮೇಡಂ, ಅಷ್ಟೇ.

ಅದೇ ಕ್ಲಾಸಿನಲ್ಲಿ ಪದೇ ಪದೇ ಚಡ್ಡಿ ಒದ್ದೆ ಮಾಡಿಕೊಳ್ಳುವ ಇನ್ನೊಬ್ಬ ಹುಡುಗನ ವಿಷಯ ಅವರೇ ಮೊದಲ ದಿನ ಹೇಳಿದ್ದರು. ಡಾಕ್ಟರ ಮಗ. ಅವನ ಬಟ್ಟೆ ಬದಲಿಸುವವರು ಯಾರು ಎಂದೆ.

"ನಾನೇ."

ಆ ಮೇಲೆ ಎಷ್ಟು ಹೊತ್ತು ಯಾರೂ ಮಾತಾಡಲಿಲ್ಲವೋ ಗೊತ್ತಿಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗಿ ಹೋದ. ನಾನು ಜಾತಿ ಎಂಬ ಪದ ಅಲ್ಲಿಯವರೆಗೆ ಬಳಸಿರಲಿಲ್ಲ. ಬೇಕೆಂದೇ ಬಳಸಿರಲಿಲ್ಲ. ನಾನು ಹೇಳಿದ್ದರೆ ಅವರು ಇಲ್ಲ ಎನ್ನುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕೊನೆಗೆ ಅವರೇ ಹೇಳಿದರು:

"ಅವರಪ್ಪಂಗೆ ಬರೆಯೋಕೆ ಬರಲ್ಲ. ಅಡ್ಮಿಶನ್ ಫಾರ್ಮ್ ತುಂಬಿಸಿದ್ದು ನಾನೇ ಮೇಡಂ."

ಆ ಫಾರ್ಮಿನಲ್ಲಿ ಜಾತಿಯ ಕಾಲಂ ಇತ್ತು. ಅವರು ಕೇಳಿದ್ದರು, ಆತ ಹೇಳಿದ್ದ, ಅವರು ಬರೆದಿದ್ದರು. ಜೂನ್ ಮೊದಲ ವಾರ. ಅದನ್ನು ಮರೆತೇಬಿಟ್ಟಿದ್ದೇನೆ ಎಂದುಕೊಂಡಿದ್ದರು. ಕೈ ಮರೆತಿರಲಿಲ್ಲ.

ಮಿಸ್‌ಗೆ ತಮ್ಮ ಅಜ್ಜಿಯ ಮನೆಯ ನೆನಪೂ ಆ ದಿನ ಬಂತು. ಹಿತ್ತಿಲ ಬಾಗಿಲಲ್ಲಿ ಕೆಲಸದವಳಿಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ. ಅವಳ ಮಗಳ ಜೊತೆ ಆಡಿ ಬಂದರೆ ಇವರನ್ನು ಮೊದಲು ಬಚ್ಚಲಿಗೆ ಕಳಿಸುತ್ತಿದ್ದರು. ಹೇಳುತ್ತಾ ಅತ್ತರು. ಆದರೆ ಆ ದಾರಿಯಲ್ಲಿ ನಾನು ಜಾಸ್ತಿ ದೂರ ಹೋಗಲಿಲ್ಲ. ಅಜ್ಜಿಯ ಮನೆಯನ್ನು ಅಗೆಯುತ್ತಾ ಕೂತರೆ ಶಿಕ್ಷಕಿಗೆ ಹಗುರವಾಗುತ್ತದೆ, ಮಾರನೇ ದಿನ ಹುಡುಗನ ಮೂಗು ಸೋರುತ್ತಲೇ ಇರುತ್ತದೆ.

ಹಾಗಾಗಿ ಮೊದಲ ಸಲಹೆ ಕೈಗೆ ಕೊಟ್ಟೆ, ಮನಸ್ಸಿಗಲ್ಲ. ಮನಸ್ಸು ಬದಲಾಗಲಿ ಎಂದು ಕಾಯಬೇಡಿ. ನಾಳೆ ಬೆಳಗ್ಗೆಯಿಂದ ಗೇಟಿನಲ್ಲಿ ಎಲ್ಲರ ಕೈ ಹಿಡಿದು ಕರೆದುಕೊಳ್ಳುವ ಹಾಗೆ ಅವನದ್ದೂ ಹಿಡಿಯಿರಿ. ಅವನ ಮೂಗು ಒರೆಸುವುದು ಇನ್ನು ಆಯಾ ಕೆಲಸವಲ್ಲ. ಒಳಗೆ ಹಿಂಜರಿಕೆ ಆಗುತ್ತದೆ, ಆಗಲಿ. ಅದನ್ನು ನನಗೆ ಬಂದು ಹೇಳಿ, ಅವನಿಗೆ ತೋರಿಸಬೇಡಿ. ಹಾಗೆಂದು ವಿಶೇಷವಾಗಿ ಮುದ್ದು ಮಾಡಲೂ ಬೇಡಿ. ಚಾಕಲೇಟು ಬೇಡ, ಮೊದಲ ಬೆಂಚು ಬೇಡ. ನಾಲ್ಕು ವರ್ಷದ ಮಕ್ಕಳಿಗೆ ಇಂಥದ್ದು ತಕ್ಷಣ ಗೊತ್ತಾಗುತ್ತದೆ, ಉಳಿದ ಮಕ್ಕಳಿಗೂ.

ಮಾತಿನ ವಿಷಯ ಸುಲಭವಾಗಿ ಬಗೆಹರಿಯಿತು. ಆಯಾ ಕಲಬುರಗಿ ಕಡೆಯವರು. ಅವರನ್ನು ಕೇಳಿ ಎಂದೆ. "ಅಂವಾ ಸುಮ್ಮ ಕೂಡೂ ಹುಡುಗನs ಅಲ್ರಿ, ತಲಿ ತಿಂತಾನ" ಎಂದರಂತೆ. ಮಿಸ್ ಹತ್ತಿರ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟಾಗ ಹೇಳುತ್ತಿದ್ದದ್ದು "ಒಲ್ಲೆ". ಹಾಲು ಕುಡಿ ಎಂದರೆ ಒಲ್ಲೆ, ಬಣ್ಣ ಹಚ್ಚು ಎಂದರೆ ಒಲ್ಲೆ. ಹಳೇ ಮೈಸೂರು ಕಡೆಯ ಮಿಸ್‌ಗೆ ಅದು ಎದುರುತ್ತರದ ಹಾಗೆ ಕೇಳಿಸಿತ್ತು. ಬೇಡ ಎನ್ನುವುದಕ್ಕೆ ಅವನ ಮನೆಯಲ್ಲಿ ಇರುವ ಪದವೇ ಅದು. ಕನ್ನಡವೇ ಅಲ್ವಾ? ಡೈರಿಯಲ್ಲಿ ಬರೆದದ್ದನ್ನು ಹೊಡೆದುಹಾಕಿಸಿದೆ. ಮಗು ಎಲ್ಲರ ಹತ್ತಿರವೂ ಮೌನವಾಗಿದ್ದರೆ ಕಿವಿ, ಮಾತು ಎರಡನ್ನೂ ಪರೀಕ್ಷೆ ಮಾಡಿಸಬೇಕು, ತಡಮಾಡಲೇಬಾರದು. ಒಬ್ಬರ ಹತ್ತಿರ ಮಾತ್ರ ಮೌನವಾಗಿದ್ದರೆ ಮೊದಲು ಆ ಒಬ್ಬರನ್ನು ನೋಡಬೇಕು.

ಮೂರನೇ ಸಲಹೆಗೆ ನಾನು ಬೈಸಿಕೊಂಡಿದ್ದೇನೆ. ತಾಯಿಯ ಹತ್ತಿರ ಹೋಗಿ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ ಎಂದರು ಮಿಸ್. ಬೇಡ ಎಂದೆ. ಆ ತಾಯಿ ಏನು ಹೇಳಬಲ್ಲರು? "ಇರ್ಲಿ ಬಿಡ್ರಿ ಮೇಡಮ್ಮಾರ" ಎನ್ನಬಲ್ಲರು. ಮಗನನ್ನು ಅದೇ ಕ್ಲಾಸಿಗೆ ಕಳಿಸಬೇಕಾದವರು ಬೇರೇನೂ ಹೇಳಲಾರರು. ಕೇಳಿದವರ ಭಾರ ಇಳಿಯುತ್ತದೆ, ಕ್ಷಮಿಸುವ ಕೆಲಸವೂ ಆ ತಾಯಿಯ ತಲೆಗೇ ಬೀಳುತ್ತದೆ. ಅದರ ಬದಲು ಸಂಜೆ ಗೇಟಿನಲ್ಲಿ ಎರಡು ನಿಮಿಷ ನಿಂತು, ಇವತ್ತು ಅವನು ಏನು ಮಾಡಿದ ಎಂದು ಹೇಳಿ. ಡಾಕ್ಟರ ಹೆಂಡತಿಗೆ ದಿನಾ ಹೇಳುತ್ತೀರಲ್ಲ, ಹಾಗೆ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದೆ ಹೆಸರಿಲ್ಲದೆ ಇಟ್ಟಾಗ ಒಬ್ಬರು ನೇರವಾಗಿ ಕೇಳಿದರು: ಇದು ಅಸ್ಪೃಶ್ಯತೆ. ಸಂವಿಧಾನದ 17ನೇ ವಿಧಿ ಇದೆ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ. ನೀನು ಹುಣಸೆಬೀಜ ಎಣಿಸುತ್ತಾ ಕೂತೆಯಾ? ಪ್ರಶ್ನೆ ಸರಿಯಾಗಿಯೇ ಇದೆ. ಆ ಪದವನ್ನು ನಾನು ಮಿಸ್ ಮುಂದೆಯೂ ಹೇಳಿದೆ, ಮೂರನೇ ಭೇಟಿಯ ಕೊನೆಗೆ, ಮೆದು ಮಾಡದೆ. ನೀರು ಬೇರೆ ಕೊಟ್ಟಿದ್ದರೆ, ಬೇರೆ ಕೂರಿಸಿದ್ದರೆ, ಜಾತಿ ಹೆಸರೆತ್ತಿ ಅಂದಿದ್ದರೆ ನಾನು ಗುಟ್ಟು ಕಾಯುತ್ತಿರಲಿಲ್ಲ. ಇಲ್ಲಿ ಇದ್ದದ್ದು ಮಾಡದೇ ಬಿಟ್ಟ ಕೆಲಸ. ಎತ್ತಿಕೊಳ್ಳದ್ದಕ್ಕೆ ಯಾವ ಠಾಣೆಯಲ್ಲಿ ದೂರು ಬರೆಸುವುದು? ಶಿಕ್ಷಣ ಹಕ್ಕು ಕಾಯ್ದೆ ಹಿಡಿಯುವುದು 6ರಿಂದ 14 ವರ್ಷದವರನ್ನು. ನರ್ಸರಿ ಮಗು ಬಹುಮಟ್ಟಿಗೆ ಅದರ ಹೊರಗೇ ಉಳಿಯುತ್ತದೆ. ನನ್ನ ಮುಂದಿದ್ದ ಪ್ರಶ್ನೆ ಒಂದೇ, ಈ ವರ್ಷ ಉಳಿದ ಏಳು ತಿಂಗಳು ಆ ಹುಡುಗನ ಕೈ ಯಾರು ಹಿಡಿಯುತ್ತಾರೆ ಎಂಬುದು. ಆದರೂ ಆ ಸಹೋದ್ಯೋಗಿಯ ಮಾತು ನನ್ನನ್ನು ಪೂರ್ತಿ ಬಿಟ್ಟಿಲ್ಲ. ಅವರು ಆ ಹುಡುಗನ ಕಡೆಯಿಂದ ನೋಡುತ್ತಿದ್ದರು, ನನ್ನೆದುರು ಕೂತಿದ್ದವರು ಮಿಸ್.

ಶಾಲೆಗೆ ಒಂದು ಮಾತು ಹೇಳಿದೆ, ಮಿಸ್ ಒಪ್ಪಿಗೆ ಪಡೆದೇ. ಜಾತಿ ಕಾಲಂ ಇರುವ ಕಾಗದ ಕ್ಲಾಸ್ ಟೀಚರ್ ಕೈಗೆ ಹೋಗಬಾರದು. ಬರೆಯಲು ಬಾರದ ತಂದೆ ತಾಯಿಗೆ ಆಫೀಸಿನವರು ಬರೆದುಕೊಡಲಿ, ಫೈಲು ಅಲ್ಲೇ ಇರಲಿ. ಹೆಸರು, ಊರು, ಮಾತಿನಿಂದಲೇ ಜನ ಜಾತಿ ಊಹಿಸುತ್ತಾರೆ, ನಿಜ. ಆದರೂ ಶಾಲೆಯೇ ಅದನ್ನು ಬರೆದು ಕೈಗೆ ಕೊಡಬೇಕಾಗಿಲ್ಲ. ಪ್ರಿನ್ಸಿಪಾಲರು ಒಪ್ಪಿದರು, ಮುಂದಿನ ಜೂನ್‌ನಿಂದ.

ಹತ್ತು ದಿನ ಬಿಟ್ಟು ಮಿಸ್ ಫೋನ್ ಮಾಡಿದರು. ದನಿ ಸಣ್ಣಗಿತ್ತು. ಬೆಳಗ್ಗೆ ಗೇಟಿನಲ್ಲಿ ಕೈ ಚಾಚಿದರೆ ಹುಡುಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡನಂತೆ.

"ಒಲ್ಲೆ ಅಂದ ಮೇಡಂ. ಎಲ್ಲರ ಮುಂದೆ."

"ನೀವೇನು ಮಾಡಿದ್ರಿ?"

"ಸರಿ ಅಂದೆ. ಕೈ ಹಿಂದಕ್ಕೆ ತಗೊಂಡೆ. ಪಕ್ಕದಲ್ಲೇ ನಡ್ಕೊಂಡು ಒಳಗೆ ಹೋದ್ವಿ."

ನಾಳೆಯೂ ಚಾಚಿ ಎಂದೆ.