ಹಳೆಯ ಕಾರಿನಲ್ಲಿ ಇರುವುದು ಕಾರ್ಖಾನೆಯಿಂದ ಬಂದ ಎಂಜಿನ್ನೇ ಎಂದು ತಿಳಿಯುವುದು ಹೇಗೆ?

ಹಾವೇರಿಯಲ್ಲಿ 2012ರ ಸ್ವಿಫ್ಟ್ ಡೀಸೆಲ್ ಕಾರೊಂದನ್ನು ನೋಡಿಟ್ಟಿದ್ದೀರಿ. ಮಾರುವವರು ‘ಎಂಜಿನ್ ಇಳಿಸಿಯೇ ಇಲ್ಲ’ ಎನ್ನುತ್ತಿದ್ದಾರೆ. ಈ ಮಾತನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳಿದ್ದೀರಿ. ಮುಂಗಡ ಕೊಡುವ ಮೊದಲು ಎಂಜಿನ್ ಮೇಲೆ ಕೊರೆದಿರುವ ಸಂಖ್ಯೆಯನ್ನು ನಿಮ್ಮ ಕಣ್ಣಿನಿಂದಲೇ ಓದಿ, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ಎಂಜಿನ್ ಸಂಖ್ಯೆಯೊಂದಿಗೆ ಹೋಲಿಸಿ. ಇದೊಂದನ್ನು ಮಾಡದೆ ನಾನು ಪಟ್ಟ ಪಾಡು ನಿಮಗೆ ಬೇಡ.

2016ರಲ್ಲಿ ನಾನು ಗದಗದಲ್ಲಿ 2007ರ ಆಲ್ಟೊ ಕೊಂಡೆ. ಬಣ್ಣ ನೋಡಿದೆ, ಟೈರು ನೋಡಿದೆ, ಮುಳಗುಂದ ನಾಕಾದವರೆಗೆ ಓಡಿಸಿ ನೋಡಿದೆ. ಕಾರು ಆರು ವರ್ಷ ಯಾವ ತೊಂದರೆಯನ್ನೂ ಕೊಡಲಿಲ್ಲ. 2022ರಲ್ಲಿ ಹದಿನೈದು ವರ್ಷ ತುಂಬಿತು, ನೋಂದಣಿ ನವೀಕರಣಕ್ಕೆ ಕಾರನ್ನು ಒಯ್ದೆ. ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಬಗ್ಗಿ ಓದಿದರು, ಆರ್‌ಸಿ ನೋಡಿದರು, ಮತ್ತೆ ಬಗ್ಗಿದರು. ಆ ಬಗೆಯ ಎಂಜಿನ್ನಿಗೆಲ್ಲ ಆರಂಭದಲ್ಲಿ ಬರುವ ‘ಎಫ್8ಡಿ’ ಎಂಬಲ್ಲಿಯವರೆಗೆ ಸರಿಯಿತ್ತು, ಮುಂದಿನ ಅಂಕಿಗಳು ಬೇರೆಯೇ ಇದ್ದವು. ನನಗಿಂತ ಹಿಂದಿನ ಮಾಲೀಕರ ಕಾಲದಲ್ಲಿ ಯಾವುದೋ ಗ್ಯಾರೇಜಿನಲ್ಲಿ ಇನ್ನೊಂದು ಆಲ್ಟೊದ ಎಂಜಿನ್ ಕೂರಿಸಿದ್ದರು, ಕಾಗದದಲ್ಲಿ ಎಲ್ಲಿಯೂ ದಾಖಲಿಸಿರಲಿಲ್ಲ. ಆ ಮಾಲೀಕರನ್ನು ಹುಡುಕಿ, ಅವರ ಹಳೆಯ ಫೈಲಿನಿಂದ ಬಿಲ್ ತೆಗೆಸಿ, ಎಂಜಿನ್ ಕಳವಿನದಲ್ಲ ಎಂದು ತೋರಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದವು. ಅಷ್ಟು ದಿನ ಕಾರು ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು.

ಈಗ ನಿಮ್ಮ ಸ್ವಿಫ್ಟ್ ವಿಷಯ. ಅದರಲ್ಲಿರುವುದು ಫಿಯೆಟ್ ಮೂಲದ 1248 ಸಿಸಿ ಡೀಸೆಲ್ ಎಂಜಿನ್. ಮಾರುತಿಯವರು ಅದರ ಸಂಖ್ಯೆಯನ್ನು ‘ಡಿ13ಎ’ ಎಂದು ಆರಂಭಿಸುತ್ತಾರೆ. ಡಿಜೈರ್, ರಿಟ್ಜ್ ಕಾರುಗಳಲ್ಲಿಯೂ ಇದೇ ಎಂಜಿನ್ ಇತ್ತು. ಆದ್ದರಿಂದ ಆರಂಭದ ಅಕ್ಷರಗಳು ಹೊಂದಿದವೆಂದು ಸಮಾಧಾನಪಟ್ಟುಕೊಳ್ಳಬೇಡಿ, ಗುಜರಿಗೆ ಹೋದ ಡಿಜೈರ್‌ನ ಎಂಜಿನ್ ಕೂಡ ಅಲ್ಲಿ ಸಲೀಸಾಗಿ ಕೂರುತ್ತದೆ. ಕೊನೆಯ ಅಂಕಿಯವರೆಗೂ ಓದಬೇಕು.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಟಾರ್ಚ್, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ತೆಳುವಾದ ಬಿಳಿ ಕಾಗದ, ಪೆನ್ಸಿಲ್ ಜೊತೆಗಿರಲಿ. ಸಂಖ್ಯೆ ಇರುವ ಜಾಗವನ್ನು ಕಾರಿನ ಕೈಪಿಡಿಯಲ್ಲಿ ತೋರಿಸಿರುತ್ತಾರೆ, ಸಾಮಾನ್ಯವಾಗಿ ಅದು ಬ್ಲಾಕ್ (ಎಂಜಿನ್ನಿನ ಮುಖ್ಯ ಲೋಹದ ಒಡಲು) ಮೇಲೆ, ಗೇರ್‌ಬಾಕ್ಸ್ ಸೇರುವ ಕಡೆಗೆ ಇರುತ್ತದೆ. ಎಣ್ಣೆಯ ಜಿಡ್ಡನ್ನು ಒರೆಸಿ. ಕೈ ಹೋಗದಿದ್ದರೆ ಮೊಬೈಲ್‌ನ ಬೆಳಕು ಹಚ್ಚಿ, ಸಂದಿಯೊಳಗೆ ಇಳಿಬಿಟ್ಟು ವಿಡಿಯೊ ಮಾಡಿಕೊಳ್ಳಿ. ಕೈ ಹೋದರೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಟಿಒ ಕಚೇರಿಯಲ್ಲಿ ಚಾಸಿ ಸಂಖ್ಯೆಯ ಅಚ್ಚು ತೆಗೆಯುವುದೂ ಹೀಗೆಯೇ.

ಸಂಖ್ಯೆ ಹೊಂದಿದರೂ ಅದರ ಸುತ್ತಲಿನ ಲೋಹವನ್ನು ನೋಡಿ. ಕಾರ್ಖಾನೆಯ ಅಂಕಿಗಳು ಒಂದೇ ಆಳಕ್ಕೆ, ಒಂದೇ ಅಂತರದಲ್ಲಿ, ಒಂದೇ ಗೆರೆಯಲ್ಲಿ ನಿಂತಿರುತ್ತವೆ. ಕೈಯಿಂದ ಪಂಚ್ ಹೊಡೆದರೆ ಒಂದು ಅಂಕಿ ವಾಲುತ್ತದೆ, ಮತ್ತೊಂದು ಆಳಕ್ಕೆ ಇಳಿಯುತ್ತದೆ. ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆದಿದ್ದರೆ ಆ ಜಾಗ ಸುತ್ತಲಿನದಕ್ಕಿಂತ ತುಸು ತಗ್ಗಾಗಿ, ಗ್ರೈಂಡರ್‌ನ ಸಣ್ಣ ಗೀರುಗಳೊಂದಿಗೆ ಹೊಳೆಯುತ್ತದೆ. ಹಾಗೆ ಕಂಡರೆ ಚೌಕಾಸಿ ಮಾಡುತ್ತಾ ನಿಲ್ಲದೆ ಮನೆಗೆ ಬನ್ನಿ. ಅಂಥ ಕಾರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ನಮ್ಮ ಕಡೆಯ ಮಣ್ಣು ಕೂಡ ಸಾಕ್ಷಿ ಹೇಳುತ್ತದೆ. ನರಗುಂದ, ನವಲಗುಂದ, ರೋಣದ ಕಡೆ ಓಡಿದ ಕಾರಿನ ಅಡಿಯಲ್ಲಿ ಎರೆ ಮಣ್ಣು ಕಪ್ಪಗೆ ಮೆತ್ತಿಕೊಂಡು ಗಟ್ಟಿಯಾಗಿರುತ್ತದೆ, ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿದಿರುತ್ತದೆ. ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರು ನನ್ನ ಆಲ್ಟೊವನ್ನು ಎತ್ತಿ ನಿಲ್ಲಿಸಿ ತೋರಿಸಿದ್ದರು: ಚಾಸಿಯ ಸಂದಿಗಳಲ್ಲಿ ಎರೆ, ಎಂಜಿನ್ನಿನ ಸಂದಿಗಳಲ್ಲಿ ಕೆಂಪು ಮಸಾರಿ. ಎರಡೂ ಬೇರೆ ಬೇರೆ ಊರು ಸುತ್ತಿ ಬಂದು ಒಂದಾಗಿದ್ದವು. ಆರು ವರ್ಷ ನನ್ನ ಕಣ್ಣೆದುರಿಗೇ ಇದ್ದ ಆ ಕೆಂಪು ಮಣ್ಣನ್ನು ನಾನು ಗಮನಿಸಿರಲೇ ಇಲ್ಲ. ಎಂಜಿನ್ ಮೌಂಟಿಂಗ್ ಬೋಲ್ಟುಗಳ ತಲೆಯ ಮೇಲೆ ಪಾನಾ ಜಾರಿದ ಗುರುತು, ಹೊಸ ಕ್ಲಿಪ್ಪುಗಳು, ಹಳೆಯ ಕಾರಿನಲ್ಲಿ ತಾಜಾ ಬಣ್ಣ ಬಳಿದ ಬ್ಲಾಕ್ ಕಂಡರೂ ಕೇಳಿ. ಆದರೆ ಇವು ಎಂಜಿನ್ ಇಳಿಸಿದ್ದನ್ನು ಹೇಳುತ್ತವೆಯೇ ಹೊರತು ಬದಲಿಸಿದ್ದನ್ನಲ್ಲ. ಕ್ಲಚ್ ಕೆಲಸಕ್ಕೂ ಬೋಲ್ಟ್ ಬಿಚ್ಚುತ್ತಾರೆ, ಬೋರ್ ಮಾಡಿಸಿದ (ಸವೆದ ಸಿಲಿಂಡರನ್ನು ಕೊರೆಸಿ ಸರಿಪಡಿಸಿದ) ಎಂಜಿನ್ನಿನ ಬ್ಲಾಕ್ ಅದೇ ಆಗಿರುತ್ತದೆ.

ಒಂದೆರಡು ಅಕ್ಷರ ಮಾತ್ರ ತಪ್ಪಿದ್ದರೆ ಗಾಬರಿಯಾಗಬೇಡಿ. 8 ಇರುವಲ್ಲಿ ‘ಬಿ’ ಎಂದೋ, ಅಂಕಿ ಹಿಂದುಮುಂದಾಗಿಯೋ ಆರ್‌ಸಿಯಲ್ಲಿ ಅಚ್ಚಾಗಿರುವುದುಂಟು. ಹೊಸ ಕಾರು ಮಾರುವಾಗ ಡೀಲರ್ ಕೊಡುವ ಫಾರ್ಮ್ 21ರಲ್ಲಿ ಮೂಲ ಸಂಖ್ಯೆ ಇರುತ್ತದೆ. ಅದರೊಂದಿಗೆ, ವಿಮೆಯ ಪಾಲಿಸಿಯೊಂದಿಗೆ ಹೋಲಿಸಿ. ಮಾಲೀಕರನ್ನು ಕರೆದುಕೊಂಡು ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋಗಿ ಹಳೆಯ ದಾಖಲೆ ಕೇಳಿದರೆ ಎಂಜಿನ್ ಕೆಲಸ ಅಲ್ಲಿಯೇ ಆಗಿದ್ದ ಪಕ್ಷದಲ್ಲಿ ಅದೂ ತಿಳಿಯುತ್ತದೆ.

ಎಂಜಿನ್ ಬದಲಾಗಿದೆ ಎಂಬ ಒಂದೇ ಕಾರಣಕ್ಕೆ ಕಾರನ್ನು ತಳ್ಳಿಹಾಕಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು, ಹೊಸ ಸಂಖ್ಯೆಯನ್ನು ಆರ್‌ಸಿಯಲ್ಲಿ ಸೇರಿಸಿದ್ದರೆ ಅದು ನೆಟ್ಟಗಿರುವ ವ್ಯವಹಾರ. ಸೇರಿಸಿಲ್ಲದಿದ್ದರೆ, ‘ನೀವು ಮಾಡಿಸಿಕೊಡಿ, ಆಮೇಲೆ ದುಡ್ಡು’ ಎಂದು ಮಾರುವವರಿಗೇ ಹೇಳಿ. ನಿಮ್ಮ ಹೆಸರಿಗೆ ಬಂದ ಮೇಲೆ ಆ ಓಡಾಟವೆಲ್ಲ ನಿಮ್ಮದಾಗುತ್ತದೆ.

ನೋಡಿ ಬಂದ ಮೇಲೆ ಸಂಖ್ಯೆಯ ಕೊನೆಯ ಅಂಕಿಗಳನ್ನು ಮುಚ್ಚಿ, ಆ ಲೋಹದ ಮುಖದ ಹತ್ತಿರದ ಚಿತ್ರವನ್ನು ಇಲ್ಲಿ ಹಾಕಿ. ಉಜ್ಜಿದ ಗುರುತೇನಾದರೂ ಕಂಡರೆ ಹೇಳುತ್ತೇನೆ.