ತ್ರಿಫಲಾ ‘ಔಷಧ ಸಂಯೋಜನೆ’ ಯಾಕಲ್ಲ?

ಉಡುಪಿಯಿಂದ ದ್ರವ್ಯಗುಣ (ಆಯುರ್ವೇದದ ಔಷಧದ್ರವ್ಯ ಶಾಸ್ತ್ರ) ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ‘ತ್ರಿಫಲಾದಲ್ಲಿ ಇರುವುದು ಮೂರೇ ಕಾಯಿ, ಅದೂ ಸಮಪ್ರಮಾಣದಲ್ಲಿ. ಆದರೂ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ಬಳಸುವ ‘ಮೆಶ್’ ಎಂಬ ವಿಷಯ ಶೀರ್ಷಿಕೆಗಳ ಪದಕೋಶ ಅದನ್ನು ‘ಡ್ರಗ್ ಕಾಂಬಿನೇಷನ್ಸ್’ನಲ್ಲಿ (ಔಷಧ ಸಂಯೋಜನೆ) ಇಡದೆ ‘ಪ್ಲಾಂಟ್ ಎಕ್ಸ್‌ಟ್ರಾಕ್ಟ್ಸ್’ಗೆ (ಸಸ್ಯಸಾರ) ಜೋಡಿಸಿದೆ. ಅಲ್ಲಿ ಹುಡುಕಿದರೆ ಚೀನಾದ ಗಿಡಮೂಲಿಕೆಗಳೇ ರಾಶಿ ಬೀಳುತ್ತವೆ. ಯಾಕೆ ಹೀಗೆ?’

ಅಳಲೆ, ತಾರೆ, ನೆಲ್ಲಿ ಮೂರೇ ನಿಜ. ಆದರೆ ಮೆಶ್ ಎಣಿಸುವುದು ಕಾಯಿಗಳನ್ನಲ್ಲ, ಅವುಗಳೊಳಗಿನ ರಾಸಾಯನಿಕಗಳನ್ನು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಈ ಪದಕೋಶದಲ್ಲಿ ಡಿ20 ಕವಲು ‘ಕಾಂಪ್ಲೆಕ್ಸ್ ಮಿಕ್ಸ್‌ಚರ್ಸ್’ಗೆ ಮೀಸಲು: ಹಲವಾರು ಘಟಕಗಳು ನಿಖರವಲ್ಲದ ಪ್ರಮಾಣದಲ್ಲಿ ಬೆರೆತ, ಹೆಚ್ಚಾಗಿ ನಿಸರ್ಗದಲ್ಲೇ ಸಿಗುವ ವಸ್ತುಗಳು. ಸಸ್ಯಸಾರ, ಹಾವಿನ ವಿಷ, ಸೆಗಣಿ ಗೊಬ್ಬರ ಎಲ್ಲವೂ ಇಲ್ಲೇ. ಕೆಲವೇ ಘಟಕಗಳು ಗೊತ್ತಾದ ಪ್ರಮಾಣದಲ್ಲಿದ್ದರೆ ಮಾತ್ರ ಡ್ರಗ್ ಕಾಂಬಿನೇಷನ್ಸ್. ಟ್ರೈಮೆಥೋಪ್ರಿಮ್ 80 ಮಿ.ಗ್ರಾಂ, ಸಲ್ಫಾಮೆಥಾಕ್ಸಜೋಲ್ 400 ಮಿ.ಗ್ರಾಂ ಎಂದು ಬರೆದ ಮಾತ್ರೆಯಲ್ಲಿ ಯಾರು ತಯಾರಿಸಿದರೂ ಅಷ್ಟೇ ಇರಬೇಕು. ತ್ರಿಫಲಾದಲ್ಲಿ ತಕ್ಕಡಿ ಸಮ ತೂಗುವುದು ಪುಡಿಯನ್ನು ಮಾತ್ರ. ಗ್ಯಾಲಿಕ್, ಎಲಾಜಿಕ್, ಚೆಬುಲಿನಿಕ್ ಆಮ್ಲಗಳ ಪಾಲು ಕಾಯಿ ಎಷ್ಟು ಬಲಿತಿತ್ತು, ಹೇಗೆ ಒಣಗಿಸಿದರು, ನೀರಿನಲ್ಲಿ ಕುದಿಸಿದರೋ ಎಥನಾಲ್‌ನಲ್ಲಿ ನೆನೆಸಿದರೋ ಎಂಬುದರ ಮೇಲೆ ಏರಿಳಿಯುತ್ತದೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಒಂದೇ ಅಣು, ಹಾಗಾಗಿ ಅದಕ್ಕೆ ಸಾವಯವ ರಾಸಾಯನಿಕಗಳ ಸಾಲಿನಲ್ಲಿ ಸ್ವಂತ ಶೀರ್ಷಿಕೆ; ಅರಿಸಿನದ ಗಿಡ ಬಿ ವಿಭಾಗದಲ್ಲಿ, ಸಸ್ಯಗಳ ಜೊತೆ.

ಒಂದು ತಕರಾರು ನಮಗೂ ಇದೆ. ಚೂರ್ಣ ಎಂದರೆ ಸಾರವಲ್ಲ. ಒಂದು ಮೆಟ್ಟಿಲು ಮೇಲಿರುವ ‘ಪ್ಲಾಂಟ್ ಪ್ರಿಪರೇಷನ್ಸ್’ ಅದಕ್ಕೆ ಚೆನ್ನಾಗಿ ಒಪ್ಪುತ್ತಿತ್ತು.

ಇನ್ನು ಹುಡುಕಾಟ. ಮೆಶ್‌ನಲ್ಲಿ ತ್ರಿಫಲಾ ಮುಖ್ಯ ಶೀರ್ಷಿಕೆಯಲ್ಲ, ಮುಖ್ಯ ಶೀರ್ಷಿಕೆಯೊಂದಕ್ಕೆ ಜೋಡಿಸಿದ ಪೂರಕ ದಾಖಲೆ. ಹೆಸರಿನ ನಂತರ ಚೌಕ ಆವರಣದಲ್ಲಿ ‘ಎನ್ಎಂ’ ಅಕ್ಷರಗಳನ್ನು ಹಾಕಿ ಹುಡುಕಿ. ಜೊತೆಗೆ ‘ಆರ್’ ಸೇರಿಸಿ ಅದೇ ಹೆಸರನ್ನು ಲೇಖನದ ಶೀರ್ಷಿಕೆ–ಸಾರಾಂಶದ ‘ಟಿಐಎಬಿ’ ಗುರುತಿನಲ್ಲೂ ಹುಡುಕಿ. ಪಿಎಚ್ ಬದಲು ಎಫ್ ಇರುವ ಕಾಗುಣಿತವನ್ನೂ ಬಿಡಬೇಡಿ. ಪಬ್‌ಮೆಡ್‌ನಲ್ಲಿ ಮೆಶ್ ಶೀರ್ಷಿಕೆ ಹಚ್ಚುವ ಭಾಗವಾದ ಮೆಡ್‌ಲೈನ್‌ಗೆ ಸೇರದ ಪತ್ರಿಕೆಗಳ ಲೇಖನಗಳಿಗೆ ಮೆಶ್ ಶೀರ್ಷಿಕೆಯೇ ಇರುವುದಿಲ್ಲವಾದ್ದರಿಂದ ಅವು ಸಿಗುವುದು ಈ ಎರಡನೆಯ ದಾರಿಯಲ್ಲೇ. ಚೀನಾದ ರಾಶಿಗೂ ಕಾರಣವಿದೆ: ಮೆಶ್ ಶೀರ್ಷಿಕೆ ಕೊಟ್ಟರೆ ಪಬ್‌ಮೆಡ್ ಅದರ ಕೆಳಗಿನ ಕವಲುಗಳನ್ನೂ ತಾನಾಗಿ ಎಳೆದು ತರುತ್ತದೆ, ‘ಡ್ರಗ್ಸ್, ಚೈನೀಸ್ ಹರ್ಬಲ್’ ಇರುವುದು ‘ಪ್ಲಾಂಟ್ ಎಕ್ಸ್‌ಟ್ರಾಕ್ಟ್ಸ್’ನ ಕೆಳಗೇ. ಶೀರ್ಷಿಕೆಯ ಗುರುತಿಗೆ ‘ನೋಎಕ್ಸ್‌ಪ್’ ಸೇರಿಸಿದರೆ ಈ ವಿಸ್ತರಣೆ ನಿಲ್ಲುತ್ತದೆ.

ನಿಮ್ಮದೇ ಪ್ರಬಂಧ ಬರೆಯುವಾಗ ಇನ್ನೊಂದು ಎಚ್ಚರಿಕೆ. 2022ರಿಂದ ಮೆಡ್‌ಲೈನ್ ಲೇಖನಗಳಿಗೆ ಶೀರ್ಷಿಕೆ ಹಚ್ಚುವುದು ಮುಖ್ಯವಾಗಿ ಯಂತ್ರ. ಸಾರಾಂಶದಲ್ಲಿ ‘ಪರೀಕ್ಷಾ ಔಷಧ’ ಎಂದಷ್ಟೇ ಬರೆದರೆ ಅದಕ್ಕೆ ಏನೂ ತಿಳಿಯದು. ತ್ರಿಫಲಾ ಎಂಬ ಹೆಸರು, ಮೂರೂ ಸಸ್ಯಗಳ ಲ್ಯಾಟಿನ್ ಹೆಸರು, ಬೀಜ ತೆಗೆದ ಸಿಪ್ಪೆಯೋ ಇಡೀ ಕಾಯಿಯೋ, 1:1:1 ಅನುಪಾತ, ಬಳಸಿದ ದ್ರಾವಕ ಇಷ್ಟನ್ನೂ ಸಾರಾಂಶದಲ್ಲೇ ಕೊಡಿ. ಪ್ರಯೋಗಿಸಿದ್ದು ಬೇರ್ಪಡಿಸಿದ ಗ್ಯಾಲಿಕ್ ಆಮ್ಲವಾಗಿದ್ದರೆ ಪ್ರಬಂಧದ ಶೀರ್ಷಿಕೆಯಲ್ಲಿ ಅದನ್ನೇ ಹೇಳಿ, ತ್ರಿಫಲಾ ಎನ್ನಬೇಡಿ.